ನೀಲಿಯೊಳಗಿನ ಹಸಿರು

ಸಾವಿರದ ಒಂಬೈನೂರ ಎಪ್ಪತ್ಮೂರರ ಜೂನ್ ತಿಂಗಳ ಒಂದು ಸೋಮವಾರ ಶಂಕ್ರೆವ್ವ ಸಿಂದಗಿಯ ಕಾಲೇಜೊಂದರ ರಸಾಯನಶಾಸ್ತ್ರದ ಪ್ರಯೋಗಶಾಲೆಯ ಬಾಗಿಲಿಗೆ ಬಂದು ನಿಂತಳು. ಗಾಜು ತೊಳೆಯುವುದಕ್ಕೆ ಒಬ್ಬರು ಬೇಕಾಗಿದ್ದಾರೆಂದು ಯಾರೋ ಅವಳಿಗೆ ಹೇಳಿದ್ದರು. ಒಳಗೆ ಮೇಜಿನ ಹಿಂದೆ ಕುಳಿತಿದ್ದ ಗುರುಲಿಂಗಪ್ಪ ಮಾಸ್ತರರು ಕನ್ನಡಕವನ್ನು ಹಣೆಗೇರಿಸಿ ನೋಡಿದರು. ಮೂವತ್ತರ ಆಸುಪಾಸಿನ ಹೆಣ್ಣುಮಗಳು. ತೊಳೆದು ತೊಳೆದು ಬಣ್ಣ ಬಿಟ್ಟ ಇಳಕಲ್ ಸೀರೆ. ಕಣ್ಣುಗಳು ಮಾತ್ರ ಮಾಸ್ತರರ ಮೇಲಿರದೆ ಅವರ ಹಿಂದಿನ ಕಪಾಟಿನ ಬಾಟಲಿಗಳ ಮೇಲೆ ಓಡಾಡುತ್ತಿದ್ದುವು.

"ಏನೇನು ಕೆಲಸ ಬರ್ತಾವ ನಿನಗ?" ಎಂದು ಮಾಸ್ತರರು ಕೇಳಿದರು.

"ಉಣ್ಣಿ ಆರಿಸಾಕ ಬರ್ತೈತ್ರಿ."

"ಇಲ್ಲಿ ಗಾಜು ತೊಳಿಯೂದೈತಿ ಯವ್ವಾ. ಕುರಿ ಇಲ್ಲ."

"ಕುರಿ ಮೈ ತೊಳದ ಮ್ಯಾಲೇ ಉಣ್ಣಿ ಕತ್ತರಸೂದ್ರಿ ಮಾಸ್ತರ್ರ. ತೊಳಿಯಾಕೂ ಬರ್ತೈತಿ."

ಮಾಸ್ತರರು ನಕ್ಕರು. ಕೆಲಸ ಕೊಟ್ಟರು.

ಅವಳ ಊರು ತಾಂಬಾ. ಗಂಡ ಮಾಳಿಂಗಪ್ಪ ವರ್ಷದಲ್ಲಿ ಎಂಟು ತಿಂಗಳು ಕುರಿಗಳ ಬೆನ್ನು ಹತ್ತಿ ಊರೂರು ತಿರುಗುವವನು. ಇಬ್ಬರು ಹೆಣ್ಣುಮಕ್ಕಳು ಸಾಲಿ ಕಲಿಯಲೆಂದು ಶಂಕ್ರೆವ್ವ ಸಿಂದಗಿಯಲ್ಲಿದ್ದ ಅಣ್ಣನ ಮನೆಗೆ ಬಂದಿದ್ದಳು. ತಾನು ಕಲಿತದ್ದು ಮೂರನೆಯ ಇಯತ್ತೆ. ಅಂಕಿ ಬರೆಯುತ್ತಿದ್ದಳು, ಓದುವಾಗ ಬೆರಳಿಟ್ಟು ಓದುತ್ತಿದ್ದಳು.

ಆ ವಾರವೇ ಮಾಸ್ತರರು ಬೆರಗಾಗುವಂಥದೊಂದು ನಡೆಯಿತು. ವಿದ್ಯಾರ್ಥಿಗಳು ಮೈಲುತುತ್ತವನ್ನು ನೀರಿನಲ್ಲಿ ಕರಗಿಸಿ ಒಂಬತ್ತು ಬಾಟಲಿ ತುಂಬಿಟ್ಟಿದ್ದರು. ಒಂದರಲ್ಲಿ ಹೆಚ್ಚು, ಒಂದರಲ್ಲಿ ಕಡಿಮೆ. ಶಂಕ್ರೆವ್ವ ಅವುಗಳ ಹೊರಮೈ ತೊಳೆಯುವ ಉತ್ಸಾಹದಲ್ಲಿ ಹೆಸರಿನ ಚೀಟಿಗಳನ್ನೂ ತೊಳೆದುಬಿಟ್ಟಳು. ವಿದ್ಯಾರ್ಥಿಗಳು ತಲೆಯ ಮೇಲೆ ಕೈ ಹೊತ್ತರು. ಅವಳು ಒಂಬತ್ತನ್ನೂ ಬಡಗು ದಿಕ್ಕಿನ ಕಿಟಕಿಗೆ ಒಯ್ದು ಅವನ್ನು ಹಿಂದೆ ಮುಂದೆ ಸರಿಸಿ ಒಂದು ಸಾಲು ಮಾಡಿದಳು. "ಎಡಕಿಂದ ಬಲಕ್ಕ ಕಮ್ಮಿ ಆಕ್ಕೋತ ಹೋಗೇತ್ರಿ," ಎಂದಳು.

ನಡುವಿನ ಎರಡು ಬಾಟಲಿಗಳು ಮಾಸ್ತರರ ಕಣ್ಣಿಗೆ ಒಂದೇ ಆಗಿದ್ದುವು. ಅವರು ಬಿಡುವವರಲ್ಲ. ಹನಿ ಹನಿಯಾಗಿ ಇನ್ನೊಂದು ದ್ರಾವಣ ಬಿಟ್ಟು, ಲೆಕ್ಕ ಹಾಕಿ, ಮೂರು ದಿನ ಕುಳಿತು ಒಂಬತ್ತನ್ನೂ ಅಳೆದರು. ಸಾಲು ಎಲ್ಲಿಯೂ ತಪ್ಪಿರಲಿಲ್ಲ. ನಡುವಿನ ಆ ಎರಡರಲ್ಲಿ ನೂರಕ್ಕೆ ನಾಲ್ಕರಷ್ಟು ವ್ಯತ್ಯಾಸವಿತ್ತು.

"ಹೆಂಗ ಗೊತ್ತಾತವ್ವಾ ನಿನಗ?"

"ಕರಿ ಉಣ್ಣಿ ಅಂದ್ರ ಒಂದ ಕರಿ ಇರತೈತೇನ್ರಿ? ಕಾಗಿ ಕರಿ ಐತಿ, ಎಳ್ಳಿನ ಕರಿ ಐತಿ, ಬೆಲ್ಲದ ಪಾಕ ಸುಟ್ಟಾಂಗಿನ ಕರಿ ಐತಿ. ಆರಸೂವಾಗ ಕಲಬೆರಕಿ ಆದ್ರ ನೇದಾಗ ತಿಳಿಯಂಗಿಲ್ಲ. ಒಂದ ಮಳಿಗಾಲ ಆತಂದ್ರ ಕಂಬಳಿ ತುಂಬ ಪಟ್ಟಿ ಏಳ್ತಾವ. ಆಗ ನಮ್ಮತ್ತಿ ಬೈಯೂದ ಕೇಳಬೇಕಿತ್ತು ನೀವು."

ಉಣ್ಣೆ ಆರಿಸುವವರ ಕಟ್ಟಳೆಗಳೆಲ್ಲ ಅವಳೊಡನೆ ಪ್ರಯೋಗಶಾಲೆಗೆ ಬಂದುವು. ದೀಪದ ಬೆಳಕಿನಲ್ಲಿ ಬಣ್ಣ ನೋಡಬಾರದು. ನಡುಹಗಲಲ್ಲಿ ನೋಡಬಾರದು. ಸೂರ್ಯನಿಗೆ ಬೆನ್ನು ಕೊಟ್ಟು ನೋಡಬೇಕು. ಕಣ್ಣು ದಣಿದರೆ ಬೂದಿ ನೋಡಬೇಕು. ಈ ಕೊನೆಯದಕ್ಕಾಗಿ ಅವಳು ಮನೆಯಿಂದ ಒಂದು ತಾಟಿನಲ್ಲಿ ಸೋಸಿದ ಒಲೆಬೂದಿ ತಂದು ಕಿಟಕಿಯಲ್ಲಿಟ್ಟಳು. ದ್ರಾವಣದ ನಾಲ್ಕು ಗಾಜಿನ ನಳಿಕೆ ನೋಡಿದ ಮೇಲೆ ಒಂದು ಗಳಿಗೆ ಬೂದಿಯನ್ನು ದಿಟ್ಟಿಸುವಳು. ಮತ್ತೆ ನಳಿಕೆಗಳ ಕಡೆ ತಿರುಗುವಳು. ವಿದ್ಯಾರ್ಥಿಗಳು "ಶಂಕ್ರಕ್ಕಾ, ಭವಿಷ್ಯ ಹೇಳ್ತೀ ಏನು?" ಎಂದು ಕಾಡುತ್ತಿದ್ದರು. "ನಿಮ್ಮ ಪರೀಕ್ಷಾದ್ದು ಹೇಳ್ಲೇನು?" ಎಂದರೆ ಓಡಿಹೋಗುತ್ತಿದ್ದರು.

ಮಾಸ್ತರರು ಅವಳಿಗೆ ಮೆಟ್ಟಿಲು ಕಟ್ಟುವುದನ್ನು ಕಲಿಸಿದರು. ಒಂದು ಪದಾರ್ಥ ನೀರಿನಲ್ಲಿ ಎಷ್ಟಿದೆಯೆಂದು ತಿಳಿಯಬೇಕಾದರೆ ಅದಕ್ಕೆ ಬಣ್ಣ ಬರಿಸುವ ರಸವೊಂದನ್ನು ಬೆರೆಸಬೇಕು. ಪದಾರ್ಥ ಹೆಚ್ಚಿದ್ದಷ್ಟು ಬಣ್ಣ ಗಾಢ. ಗೊತ್ತಿದ್ದ ಅಳತೆಯ ಪದಾರ್ಥ ಹಾಕಿ ಹತ್ತು ನಳಿಕೆ ಸಿದ್ಧ ಮಾಡಿದರೆ ಅದು ಹತ್ತು ಮೆಟ್ಟಿಲಿನ ಏಣಿ. ಗೊತ್ತಿಲ್ಲದ ನಳಿಕೆಯನ್ನು ಅದರ ಪಕ್ಕಕ್ಕೆ ಹಿಡಿದು, ಕೆಳಗೆ ಬಿಳಿಯ ಕಾಗದ ಹಾಸಿ, ಮೇಲಿನಿಂದ ಇಣುಕಿ, ಯಾವ ಮೆಟ್ಟಿಲಿಗೆ ಕೂಡುತ್ತದೆಂದು ಹೇಳಬೇಕು. ಬಣ್ಣ ಅಳೆಯುವ ಯಂತ್ರ ದೊಡ್ಡ ಊರುಗಳಲ್ಲಿತ್ತು. ಸಿಂದಗಿಯಲ್ಲಿ ಶಂಕ್ರೆವ್ವ ಇದ್ದಳು.

ಹೀಗೆ ಮೂರು ವರ್ಷ ಕಳೆದುವು. ಎಪ್ಪತ್ತಾರರ ಮೇ ತಿಂಗಳ ಆರಂಭದಲ್ಲಿ ಒಂದು ಮುಂಜಾನೆ ಇಂಡಿ ಊರಿನ ಬಸ್ಸಿನಿಂದ ಇಳಿದು ಶಮಶಾದಬಿ ಪ್ರಯೋಗಶಾಲೆಗೆ ಬಂದಳು.

ಶಮಶಾದಬಿ ಅಗರಖೇಡದ ಕಡೆಯ ಹಳ್ಳಿಗಳ ಸರಕಾರಿ ನರ್ಸಬಾಯಿ. ಹಿಂದೆ ತಾಂಬಾದಲ್ಲಿದ್ದಾಗ ಶಂಕ್ರೆವ್ವನ ಎರಡನೆಯ ಹೆರಿಗೆ ಮಾಡಿಸಿದವಳು. ಗಟ್ಟಿ ದನಿಯ, ಗಟ್ಟಿ ನಡಿಗೆಯ ಹೆಂಗಸು. ಅವತ್ತು ಮಾತ್ರ ಬಂದವಳೇ ಮೂಲೆಯ ಸ್ಟೂಲಿನ ಮೇಲೆ ಕುಸಿದು ಕುಳಿತಳು.

"ನನ್ನ ಕಳ್ಳಿ ಅಂದ್ರು ಶಂಕ್ರವ್ವ," ಎಂದಳು.

ನಡೆದದ್ದು ಇಷ್ಟು. ಅಗರಖೇಡದಲ್ಲಿ ಲಕ್ಕವ್ವನೆಂಬ ಮುದುಕಿಯ ಸೊಸೆ ಸುಂದರವ್ವ ಹಡೆದಳು. ಹಡೆದ ಮೇಲೆ ರಕ್ತ ನಿಲ್ಲಲಿಲ್ಲ. ಅದನ್ನು ನಿಲ್ಲಿಸುವುದಕ್ಕೆ ಎರ್ಗೊಮೆಟ್ರಿನ್ ಎಂಬ ಔಷಧದ ಸೂಜಿಯುಂಟು. ಶಮಶಾದಬಿ ಒಂದು ಸೂಜಿ ಹಾಕಿದಳು, ನಿಲ್ಲಲಿಲ್ಲ. ಇನ್ನೊಂದು ಹಾಕಿದಳು. ಕೊನೆಗೆ ಜೀಪಿನಲ್ಲಿ ಹಾಕಿಕೊಂಡು ಇಂಡಿಗೆ ಒಯ್ದ ಮೇಲೆ ಸುಂದರವ್ವ ಉಳಿದಳು. ಆದರೆ ಊರಲ್ಲಿ ಮಾತು ಹುಟ್ಟಿತು. ಆ ಔಷಧ ಬರುತ್ತಿದ್ದುದು ಹತ್ತು ಸೂಜಿಗೆ ಸಾಲುವ, ರಬ್ಬರ್ ಮುಚ್ಚಳದ ಕಂದು ಬಾಟಲಿಯಲ್ಲಿ. ನರ್ಸಬಾಯಿ ಔಷಧ ಎಳೆದು ಮಾರಿಕೊಂಡು ಬಾಟಲಿಗೆ ನೀರು ತುಂಬಿದ್ದಾಳೆ ಎಂದು ಜನ ಆಡಿಕೊಂಡರು. ಆರೋಗ್ಯ ಖಾತೆಯ ಮೇಲ್ವಿಚಾರಕ ಭೀಮಶ್ಯಾ ವಿಚಾರಣೆಗೆ ಬಂದು, ಅವಳ ಬಳಿಯಿದ್ದ ಎರಡು ಬಾಟಲಿಗಳಲ್ಲಿ ಒಂದನ್ನು ದೂರದ ಲ್ಯಾಬಿಗೆ ಕಳಿಸಿದ. ಉತ್ತರ ಬಂತು: ಇರಬೇಕಾದದ್ದರ ಅರ್ಧಕ್ಕಿಂತಲೂ ಕಡಿಮೆ ಔಷಧವಿದೆ.

"ಅಷ್ಟ ಸಾಕಾತು ಅವರಿಗೆ," ಎಂದಳು ಶಮಶಾದಬಿ. "ನೀರು ಹಾಕೀಯಂತ ಬರದಾಂಗ ಆತು. ನೌಕರಿ ಹೋಗ್ತೈತಿ. ಹೋಗ್ಲಿ. ಇಪ್ಪತ್ತೆರಡು ವರ್ಷ ಹಡಸೀನಿ, ಆ ಊರಾಗ ಯಾ ಮುಖ ಹೊತ್ತು ತಿರಗ್ಲಿ?"

ಸೆರಗಿನ ಗಂಟು ಬಿಚ್ಚಿ ಎರಡನೆಯ ಬಾಟಲಿಯನ್ನು ಮೇಜಿನ ಮೇಲಿಟ್ಟಳು.

ಮಾಸ್ತರರು ಧಾರವಾಡದ ಗೆಳೆಯರೊಬ್ಬರಿಗೆ ಬರೆದು ಆ ಔಷಧಕ್ಕೆ ಬಣ್ಣ ಬರಿಸುವ ಪುಡಿಯನ್ನೂ, ಏಣಿ ಕಟ್ಟಲು ಒಂದಿಷ್ಟು ಶುದ್ಧ ಔಷಧವನ್ನೂ ತರಿಸಿದರು. ಪುಡಿಯನ್ನು ಗಂಧಕಾಮ್ಲದಲ್ಲಿ ಕರಗಿಸಿ ಔಷಧದೊಡನೆ ಬೆರೆಸಿಟ್ಟರೆ ಕೆಲವು ನಿಮಿಷಗಳಲ್ಲಿ ನೀಲಿ ಬಣ್ಣ ಮೂಡುತ್ತದೆ. ಶಂಕ್ರೆವ್ವ ಏಣಿ ಕಟ್ಟಿದಳು. ಶಮಶಾದಬಿಯ ಬಾಟಲಿಯಿಂದ ತೆಗೆದ ನಳಿಕೆಯನ್ನು ಪಕ್ಕಕ್ಕೆ ಹಿಡಿದಳು. ಮೂರನೆಯ ಮೆಟ್ಟಿಲಿಗೆ ಒಯ್ದಳು; ನಾಲ್ಕನೆಯದಕ್ಕೆ ಒಯ್ದಳು; ಬೂದಿ ನೋಡಿದಳು; ಮತ್ತೆ ಮೂರಕ್ಕೆ ಬಂದಳು.

"ಹೇಳವ್ವಾ, ಮೂರೋ ನಾಕೋ?" ಎಂದರು ಮಾಸ್ತರರು.

"ಎರಡೂ ಅಲ್ರಿ."

"ಹಂಗಾದ್ರ ಮೂರೂವರಿ ಬರಕೊಳ್ಳೂನು."

"ಮೂರೂವರಿನೂ ಅಲ್ರಿ. ಈ ಏಣಿ ಮ್ಯಾಲೇ ಇಲ್ಲ ಇದು. ಇದರಾಗ ಹಸರ ಐತಿ."

ಮಾಸ್ತರರು ಇಣುಕಿದರು. ಅವರಿಗೆ ತಿಳಿನೀಲಿಯಲ್ಲದೆ ಬೇರೇನೂ ಕಾಣಲಿಲ್ಲ. ಒಂದಿಷ್ಟು ಬೇಸರವೂ ಆಯಿತು. ಅಳತೆ ಕೇಳಿದರೆ ಈಕೆ ಛಾಯೆಯ ಮಾತಾಡುತ್ತಾಳೆ! ಆಗ ಶಂಕ್ರೆವ್ವ ಏಣಿಯ ತುದಿಯ ಗಾಢ ನಳಿಕೆಯನ್ನು ಎತ್ತಿಕೊಂಡು ಅದಕ್ಕೆ ಅರ್ಧಕ್ಕಿಂತ ಹೆಚ್ಚು ನೀರು ಬೆರೆಸಿದಳು. ಬಣ್ಣ ತೆಳುವಾಯಿತು. ಅದನ್ನೂ ಇದನ್ನೂ ಜೋಡಿಸಿ ಹಿಡಿದಳು.

"ನೀರ ಹಾಕಿದ್ರ ನೀಲಿ ತೆಳ್ಳಗ ಆಕ್ಕೈತಿ, ಖರೇ. ಆದ್ರ ನೀಲೀನ ಇರತೈತಿ. ಇದು ಹಳದಿ ಕಡಿ ವಾಲೇತಿ. ಇದಕ್ಕ ಯಾರೂ ನೀರು ಹಾಕಿಲ್ರಿ ಮಾಸ್ತರ್ರ. ಇದು ಕೆಟ್ಟೈತಿ."

ಗುರುಲಿಂಗಪ್ಪ ಮಾಸ್ತರರು ಕುರ್ಚಿಯಲ್ಲಿ ನೆಟ್ಟಗೆ ಕುಳಿತರು. ಹೌದಲ್ಲ! ಔಷಧ ಮುರಿದು ಬೇರೊಂದು ಪದಾರ್ಥವಾದರೆ ನೀಲಿ ಕಡಿಮೆಯಾಗುವುದು ಸಹಜ. ಆ ಬೇರೆ ಪದಾರ್ಥಕ್ಕೆ ತನ್ನದೇ ಆದ ಹಳದಿ ಇರಬಹುದು. ನೀಲಿಗೆ ಹಳದಿ ಸೇರಿದರೆ ಹಸಿರು. ದೂರದ ಲ್ಯಾಬಿನವರು ಎಷ್ಟಿದೆಯೆಂದು ಸರಿಯಾಗಿಯೇ ಹೇಳಿದ್ದರು. ಯಾಕೆ ಕಡಿಮೆಯೆಂದು ಅವರನ್ನು ಯಾರೂ ಕೇಳಿರಲಿಲ್ಲ.

ಆ ದಿನ ಮತ್ತೆ ಬಂದಿದ್ದ ಶಮಶಾದಬಿಗೆ ಹೋದ ಜೀವ ಬಂದಂತಾಯಿತು. ಆದರೆ ಶಂಕ್ರೆವ್ವನ ಕುತೂಹಲ ಅಲ್ಲಿಗೆ ನಿಲ್ಲಲಿಲ್ಲ. ಉಣ್ಣೆ ಬಣ್ಣಗೆಟ್ಟರೆ ಬಿಸಿಲು ಬಡಿದಿರಬೇಕು, ಇಲ್ಲವೆ ಹೊಗೆ ಹತ್ತಿರಬೇಕು. ಇದಕ್ಕೇನಾಗಿದೆ?

"ಬಾಯಿ, ಬಾಟ್ಲಿ ಎಲ್ಲಿ ಇಡ್ತಿದ್ದಿ?"

"ಮನ್ಯಾಗ. ಗ್ವಾಡಿ ಮಾಡದಾಗ."

"ಯಾ ಮಾಡ?"

"ಒಲಿ ಮ್ಯಾಲಿಂದು," ಎಂದಳು. "ಎರಡು ತಿಂಗಳಾತು ಇಟ್ಟು."

"ಅಯ್ಯ ಯವ್ವಾ! ಒಲಿ ಮ್ಯಾಲ ಯಾಕ?"

"ಮತ್ತ ಆ ಲಕ್ಕವ್ವನಂಥ ಮುದಕೇರು ಬಿಡ್ತಾರೇನು? ಬಾಣಂತಿಗೆ ಬಿಸಿನೀರು, ಹೊರಸಿನ ಬುಡಕ ಕೆಂಡ, ಕಿವಿಗೆ ಅರಳಿ. ಗಾಳಿ ಸೋಕಬಾರದು. ಅಂಥಾಕೀಗೆ ನಾ ತಣ್ಣಂದು ಔಷಧ ಚುಚ್ಚಾಕ ಹೋದ್ರ ಸಿರಿಂಜು ಹಿಡದ ಕೈ ಹಿಡೀತಿದ್ರು. 'ಮೈಯಾಗ ತಂಡಿ ಹೊಗಿಸಿ ಸನ್ನಿ ಮಾಡ್ತೀ ಏನಬೇ?' ಅಂತ. ಬೆಚ್ಚಗ ಇದ್ರ ಮುಟ್ಟಿ ನೋಡಿ ಸುಮ್ಮನಾಗ್ತಿದ್ರು. ಅವರ ಸಮಾಧಾನಕ್ಕ ಇಟ್ಟೆ."

ಕಳ್ಳತನವಲ್ಲವೆಂದು ತೋರಿಸಬೇಕಾದರೆ, ಔಷಧ ಕೆಡಿಸಿದವಳು ಇವಳೇ ಎಂದೂ ತೋರಿಸಬೇಕಾಗಿತ್ತು. ಶಂಕ್ರೆವ್ವ ತಲೆ ತಗ್ಗಿಸಿದಳು. ಯಾಕಾದರೂ ಕೇಳಿದೆನೋ ಎನ್ನಿಸಿತು.

"ಈ ಮಾತು ನಮ್ಮ ನಮ್ಮಾಗ ಇರ್ಲಿ ಬಿಡು ಬಾಯಿ," ಎಂದಳು ಮೆಲ್ಲಗೆ.

ಶಮಶಾದಬಿ ಬಾಟಲಿಯನ್ನು ಮಾಸ್ತರರ ಕಡೆ ಸರಿಸಿದಳು. "ಬ್ಯಾಡ," ಎಂದಳು. "ತಪ್ಪು ಮಾಡ್ಯಾಳಂದ್ರ ತಡಕೋತೇನಿ. ಕಳ್ಳಿ ಅಂದ್ರ ತಡಕೊಳ್ಳಾಕ ಆಗಂಗಿಲ್ಲ. ಮತ್ತ ಕೇಳು, ನಾ ಸುಮ್ಮನಿದ್ರ ಇನ್ನೊಬ್ಬಾಕಿ ನರ್ಸೂ ಒಲಿ ಮ್ಯಾಲೇ ಇಡ್ತಾಳ. ಮಾಡಿ ತೋರಸ್ರಿ ಅವನಿಗೆ."

ಹೊಸ ಬಾಟಲಿಗಳನ್ನು ಬಿಸಿಯಲ್ಲೂ ತಂಪಿನಲ್ಲೂ ಇಟ್ಟು ಹೋಲಿಸಿ ನೋಡೋಣವೆಂದು ಮಾಸ್ತರರು ಭೀಮಶ್ಯಾನಿಗೆ ಪತ್ರ ಬರೆದರು. ಭೀಮಶ್ಯಾ ಒರಟ, ಆದರೆ ಒಪ್ಪತಕ್ಕದ್ದನ್ನು ಒಪ್ಪುವವನು. ಶಮಶಾದಬಿಗೆ ಕೊಟ್ಟಿದ್ದ ಕಂತಿನದೇ ಮೂರು ಹೊಸ ಬಾಟಲಿಗಳನ್ನು ತಾನೇ ತಂದ. ಪ್ರಯೋಗಶಾಲೆಯಲ್ಲಿ ಶಂಕ್ರೆವ್ವನನ್ನು ಮೇಲಿಂದ ಕೆಳಗೆ ನೋಡಿದ.

"ಏನವ್ವಾ, ಸರಕಾರಿ ಲ್ಯಾಬಿಗಿಂತ ನಿನ್ನ ಕಣ್ಣಿಗೆ ಜಾಸ್ತಿ ಕಾಣತೈತಂತ? ಮ್ಯಾಲ ಆಕಿ ನಿನ್ನ ಗೆಳತಿ ಬ್ಯಾರೆ."

"ಹೌದ್ರಿ ಸಾಹೇಬ್ರ, ಗೆಳತೀನ. ಅದಕ್ಕ ಯಾವುದು ಎಲ್ಲಿಂದಂತ ನನಗ ಹೇಳಬ್ಯಾಡ್ರಿ. ನಂಬರ್ ನೀವ ಹಾಕ್ರಿ."

ಆ ಮಾತು ಅವನಿಗೆ ಹಿಡಿಸಿತು. ನಲವತ್ತು ದಿನಗಳ ಗಡುವು ಕೊಟ್ಟ. ಒಂದು ಬಾಟಲಿ ಶಂಕ್ರೆವ್ವನ ಅಣ್ಣನ ಮನೆಯ ಒಲೆ ಮೇಲಿನ ಮಾಡದಲ್ಲಿ. ಇನ್ನೊಂದು ಅದೇ ಮನೆಯ ನೀರಿನ ಗಡಿಗೆಯ ಬುಡದ ಹಸಿ ಉಸುಕಿನಲ್ಲಿ, ಬಟ್ಟೆ ಸುತ್ತಿ. ಮೂರನೆಯದು ಭೀಮಶ್ಯಾನ ದವಾಖಾನೆಯ ಕೋಲ್ಡ್ ಪೆಟ್ಟಿಗೆಯಲ್ಲಿ. ಮೂರಕ್ಕೂ ಅರಗಿನ ಮುದ್ರೆ ಒತ್ತಿದ. ಅತ್ತಿಗೆ ಶೇವಂತೆವ್ವ ದಿನವೂ ರೊಟ್ಟಿ ಬಡಿಯುವಾಗ ಮಾಡದ ಕಡೆ ನೋಡಿ, "ಏನ, ನಿನ್ನ ಬಾಟ್ಲಿಗೂ ಒಂದು ರೊಟ್ಟಿ ಹಾಕ್ಲೇನು?" ಎನ್ನುವಳು. ಶಂಕ್ರೆವ್ವ ಪ್ರಯೋಗಶಾಲೆಯ ಉಷ್ಣಮಾಪಕ ತಂದು ಮಾಡದಲ್ಲಿ ಇಡುತ್ತಿದ್ದಳು. ಒಲೆ ಉರಿಯುವಾಗ ಪಾದರಸ ಐವತ್ತನ್ನು ದಾಟುತ್ತಿತ್ತು. ಉಸುಕಿನಲ್ಲಿ ಇಪ್ಪತ್ತಾರರ ಮೇಲೆ ಏರಲೇ ಇಲ್ಲ, ಅದೂ ಅಂಥ ಬೇಸಿಗೆಯಲ್ಲಿ. ಎರಡನ್ನೂ ಗೋಡೆಯ ಮೇಲೆ ಇದ್ದಲಿಯಿಂದ ಬರೆದಿಡುವಳು.

ನಲವತ್ತೊಂದನೆಯ ದಿನ ಭೀಮಶ್ಯಾ ಮುದ್ರೆಗಳನ್ನು ಒಡೆದ. ಶಂಕ್ರೆವ್ವನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡ. ಮಾಸ್ತರರು ರಸ ಬೆರೆಸಿಕೊಟ್ಟರು; ನಳಿಕೆಗಳಿಗೆ ಅಂಕಿ ಬರೆದು ಅದಲುಬದಲು ಮಾಡಿಟ್ಟವನು ಅವನೇ. ಒಟ್ಟು ಆರು ನಳಿಕೆ. ಹೊರಗೆ ಬೇವಿನ ನೆರಳಿನಲ್ಲಿ ಶಮಶಾದಬಿ ಕುಳಿತಿದ್ದಳು, ತುಟಿ ಮಾತ್ರ ಅಲುಗುತ್ತಿದ್ದುವು. ಶಂಕ್ರೆವ್ವ ಆಕಾಶ ನೋಡಿದಳು. ಮೋಡ ಕವಿದಿತ್ತು, ಅದೊಂದೇ ಅವಳಿಗೆ ಧೈರ್ಯ. ಮೋಡದ ಬೆಳಕು ಬಣ್ಣಕ್ಕೆ ಒಳ್ಳೆಯದು.

ಒಳಗೆ ಕರೆದಾಗ ಮೊದಲು ಬೂದಿಯನ್ನು ನೋಡಿದಳು. ಆಮೇಲೆ ನಳಿಕೆಗಳ ಮೇಲೆ ಬಾಗಿದಳು. ಕಾಲು ತಾಸಾದ ಮೇಲೆ ತಲೆಯೆತ್ತಿದಳು.

"ಒಂದು, ಐದು ಪೂರಾ ಅವ್ರಿ. ಕೆಟ್ಟಿಲ್ಲ. ಐದರಾಗ ಒಂದು ಕೂದಲೆಳಿ ಕಮ್ಮಿ. ಎರಡಕ್ಕ ಅರ್ಧ ನೀರು ಬಿದ್ದೈತಿ, ಔಷಧ ಚಲೋದೈತಿ. ಆರು ಹಸರ. ಮೂರು ಇನ್ನೂ ಹಸರ, ಅದು ಬಾಳ ದಿನ ಬೆಂದದ್ದು." ಅಲ್ಲಿಗೆ ನಿಂತಳು. ನಾಲ್ಕನೆಯದನ್ನು ಎತ್ತಿ ಆರರ ಪಕ್ಕ ಹಿಡಿದಳು, ತಿರುಗಿಸಿ ಹಿಡಿದಳು, ಆಮೇಲೆ ಭೀಮಶ್ಯಾನ ಮುಖ ನೋಡಿದಳು. "ನಾಕೂ ಆರೂ ಒಂದ ಬಾಟ್ಲೀವು. ನನ್ನ ಪರೀಕ್ಷಾ ಮಾಡಾಕತ್ತೀರಿ ನೀವು."

ಭೀಮಶ್ಯಾ ಜೇಬಿನ ಚೀಟಿ ಬಿಚ್ಚಿದ. ಒಂದು ಕೋಲ್ಡ್ ಪೆಟ್ಟಿಗೆಯದು, ಐದು ಉಸುಕಿನದು, ಎರಡು ಅವನೇ ನೀರು ಬೆರೆಸಿದ್ದು. ನಾಲ್ಕೂ ಆರೂ ಮಾಡದ ಬಾಟಲಿಯಿಂದ ತೆಗೆದ ಜೋಡಿ. ಮೂರು ಶಮಶಾದಬಿಯದು.

"ಮಾಸ್ತರ್ರ, ಈಕೀನ್ನ ನಮ್ಮ ಖಾತೆಗೆ ಕೊಡ್ರಿ," ಎಂದ.

"ಕೊಡಂಗಿಲ್ಲ. ಗಾಜು ಯಾರು ತೊಳೀಬೇಕು?" ಎಂದರು ಮಾಸ್ತರರು.

ಶಮಶಾದಬಿ ಒಳಗೆ ಬಂದು, ಒಲೆಯ ವಿಷಯವನ್ನು ತಾನೇ ಬಾಯಿಬಿಟ್ಟು ಹೇಳಿ, ಬರೆದುಕೊಟ್ಟು ಸಹಿ ಹಾಕಿದಳು. ಕಳ್ಳತನದ ಮಾತು ಕಡತದಿಂದ ಹೋಯಿತು. ಎಚ್ಚರಿಕೆಯ ಪತ್ರವೊಂದು ಸೇರಿತು. ಮಳೆಗಾಲ ಮುಗಿಯುವುದರೊಳಗೆ ಅವಳನ್ನು ಬಾಗೇವಾಡಿ ತಾಲೂಕಿನ ಮನಗೂಳಿಗೆ ವರ್ಗ ಮಾಡಿದರು. ಹೋಗುವ ಮುನ್ನ ಅಗರಖೇಡಕ್ಕೆ ಹೋಗಿ ಲಕ್ಕವ್ವನ ಮನೆಯಲ್ಲಿ ಸುಂದರವ್ವನ ಮುಂದೆ ಕುಳಿತು ತಪ್ಪನ್ನು ಹೇಳಿಕೊಂಡಳಂತೆ. ಲಕ್ಕವ್ವ ಬಹಳ ಬೈದಳಂತೆ. ಬೈದು ಮುಗಿಸಿ ಚಹ ಕೊಟ್ಟಳಂತೆ.

ಆದರೆ ಮನಗೂಳಿಯಲ್ಲೂ ಅತ್ತೆಯರಿದ್ದರು. ಉಸುಕಿನಲ್ಲಿ ತಣ್ಣಗಿಟ್ಟ ಔಷಧವನ್ನು ಅಲ್ಲಿಯೂ ಯಾರೂ ಚುಚ್ಚಗೊಡಲಿಲ್ಲ. ಶಮಶಾದಬಿ ಮತ್ತೆ ಸಿಂದಗಿಗೆ ಬಂದು ಗೋಳು ತೋಡಿಕೊಂಡಾಗ ಶಂಕ್ರೆವ್ವ ಹೇಳಿದಳು: "ಬ್ಯಾನಿ ಸುರು ಆದ ಮ್ಯಾಲ ಬಾಟ್ಲೀನ್ನ ಅತ್ತೀ ಕೈಯಾಗ ಕೊಡು. ಮುಷ್ಟ್ಯಾಗ ಹಿಡಕೊಂಡು ಕೂಡ್ರಲಿ. ಬೆಚ್ಚಗ ಮಾಡಿದಾಕಿ ತಾನ ಆದ್ರ ಬ್ಯಾಡಂತ ಹೆಂಗ ಅಂತಾಳ?"

ಯುಕ್ತಿ ನಡೆಯಿತು. ಎಷ್ಟೋ ಮನೆಗಳಲ್ಲಿ ಬಾಟಲಿ ಹಿಡಿಯುವುದಕ್ಕೆ ಅತ್ತೆಗೂ ತಾಯಿಗೂ ಪೈಪೋಟಿಯೇ ನಡೆಯುತ್ತಿತ್ತಂತೆ. ಸುದ್ದಿ ಮುದ್ದೇಬಿಹಾಳದ ನರ್ಸುಗಳಿಗೂ ಮುಟ್ಟಿತು; ಈಗ ಅವರ ಕಡೆಯಿಂದಲೂ ತಿಂಗಳಿಗೊಂದು ಬಾಟಲಿ ಹಸಿಬಟ್ಟೆ ಸುತ್ತಿಕೊಂಡು ಬಸ್ಸಿನ ಕಂಡಕ್ಟರನ ಕೈಯಲ್ಲಿ ಸಿಂದಗಿಗೆ ಬರುತ್ತದೆ. ಶಂಕ್ರೆವ್ವ ನೋಡುತ್ತಾಳೆ, ಪೋಸ್ಟ್ ಕಾರ್ಡಿನ ಮೇಲೆ ಮೆಟ್ಟಿಲಿನ ಅಂಕಿ ಬರೆದು ಕಳಿಸುತ್ತಾಳೆ.

ಇದು ಎಪ್ಪತ್ತೊಂಬತ್ತನೆಯ ಇಸವಿ. ಮಾಸ್ತರರು ನಿವೃತ್ತರಾಗಿದ್ದಾರೆ, ಆದರೂ ಸಂಜೆಯ ಹೊತ್ತು ಪ್ರಯೋಗಶಾಲೆಗೆ ಒಂದು ಸುತ್ತು ಬರುತ್ತಾರೆ. ಶಂಕ್ರೆವ್ವ ಒಂದು ತಿಂಗಳಿಂದ ಬೇರೊಂದು ಕೆಲಸ ಹಚ್ಚಿಕೊಂಡಿದ್ದಾಳೆ. ಹತ್ತು ಸೂಜಿಯ ಬಾಟಲಿಯೆಂದರೆ ಹತ್ತು ಮನೆ, ಹತ್ತು ಮುಷ್ಟಿ. ಕೆಲವು ಹೆರಿಗೆಗಳಲ್ಲಿ ಸೂಜಿಯೇ ಬೇಕಾಗದೆ ಬಾಟಲಿ ಬೆಚ್ಚಗಾಗಿ ಹಾಗೆಯೇ ತಿರುಗಿ ಬರುತ್ತದೆ. ಅವೂ ಲೆಕ್ಕಕ್ಕೆ ಬರಬೇಕು. ಹಾಗಾದರೆ ಒಂದು ಬಾಟಲಿ ಎಷ್ಟು ಮುಷ್ಟಿಗಳನ್ನು ತಾಳೀತು? ಪುಸ್ತಕದಲ್ಲಿ ಇದನ್ನು ಯಾರೂ ಬರೆದಿಲ್ಲವೆಂದು ಮಾಸ್ತರರು ಹೇಳಿದ್ದಾರೆ. ಅದಕ್ಕೆ ಅವಳು ಗಾಜು ತೊಳೆದು ಕೈ ಒರೆಸಿಕೊಂಡ ಮೇಲೆ ಮುಂಜಾನೆ ಒಂದು ಸಲ, ಸಂಜೆ ಒಂದು ಸಲ ಬಾಟಲಿಯನ್ನು ಮುಷ್ಟಿಯಲ್ಲಿ ಹಿಡಿದು ಗೋಡೆ ಗಡಿಯಾರದ ಕೆಳಗೆ ಅರ್ಧ ತಾಸು ಕುಳಿತುಕೊಳ್ಳುತ್ತಾಳೆ. ಆಮೇಲೆ ಅದನ್ನು ಉಸುಕಿನಲ್ಲಿ ಹುಗಿದಿಡುತ್ತಾಳೆ. ಎಂಟು ದಿನಕ್ಕೊಮ್ಮೆ ಬಣ್ಣ ನೋಡುತ್ತಾಳೆ. ನಿನ್ನೆಯ ಸಂಜೆಗೆ ಅರವತ್ತೆರಡು ಮುಷ್ಟಿಗಳಾದುವು. ಹಸಿರು ಇನ್ನೂ ಕಂಡಿಲ್ಲ.